ಹೋತ ನಗುವುದಿಲ್ಲ

ಬಿಟಿಎಂ ಲೇಔಟಿನಿಂದ ತಾವರೆಕೆರೆ ಕಡೆಗೆ ಬಾಡಿಗೆ ಮನೆ ಹುಡುಕಿಕೊಂಡು ಬರುವವರಿಗೆ ಬ್ರೋಕರ್ ಮೊದಲೇ ಹೇಳಿಬಿಡುತ್ತಾನೆ: “ಮನೆ ಸಖತ್ತಾಗಿದೆ ಸಾರ್. ನೀರಿದೆ, ಬಾಲ್ಕನಿ ಇದೆ. ಓನರ್ ಆಂಟಿ ಮಾತ್ರ ನಗಲ್ಲ. ಅದನ್ನ ಮನಸ್ಸಿಗೆ ಹಚ್ಕೋಬೇಡಿ.”

ಓನರ್ ಆಂಟಿ ಎಂದರೆ ಮುನಿಲಕ್ಷ್ಮಮ್ಮ. ವಯಸ್ಸು ಅರವತ್ತೈದು ದಾಟಿದೆ. ಒಂದು ಕಾಲಕ್ಕೆ ಮಾವನವರು ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಈಗ ನಿಂತಿರುವ ನಾಲ್ಕಂತಸ್ತಿನ ಕಟ್ಟಡಕ್ಕೆ ಒಡತಿ. ಬೆಳಿಗ್ಗೆ ಗೇಟಿನ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಳೆಂದರೆ, ಬಾಡಿಗೆಗಿರುವ ಹುಡುಗರೆಲ್ಲ ಹಿಂದಿನ ದಿನದ ತಮ್ಮ ತಪ್ಪುಗಳನ್ನು ತಾವೇ ನೆನಪಿಸಿಕೊಳ್ಳುತ್ತ ಮೆಟ್ಟಿಲಿಳಿಯುತ್ತಾರೆ. ಅವಳು ಏನೂ ಅನ್ನುವುದಿಲ್ಲ. ಎಲೆ ಅಡಿಕೆ ಹಾಕಿಕೊಂಡ ದವಡೆಯನ್ನು ಅತ್ತಿಂದಿತ್ತ ಆಡಿಸುತ್ತ ಸುಮ್ಮನೆ ನೋಡುತ್ತಾಳೆ. ಅಷ್ಟಕ್ಕೇ ಎಷ್ಟೋ ಜನ ಬೈಕನ್ನು ಸರಿಯಾದ ಜಾಗದಲ್ಲಿ ನಿಲ್ಲಿಸಲು ಕಲಿತಿದ್ದಾರೆ.

ಆದರೆ ಆ ಮುಖವನ್ನು ನಂಬಿದವರು ಕೆಟ್ಟರು. ಅದರ ಹಿಂದೆ ಇಡೀ ತಾವರೆಕೆರೆಯಲ್ಲೇ ಇಲ್ಲದಷ್ಟು ಕಿಲಾಡಿತನ ತುಂಬಿದೆ. ಒಮ್ಮೆ ಎರಡನೇ ಮಹಡಿಯ ಹೊಸ ಬಾಡಿಗೆಯವಳು, “ಆಂಟಿ, ಮನೇಲಿ ಪೆಟ್ ಇಟ್ಕೋಬಹುದಾ?” ಎಂದು ಕೇಳಿದಳು. ಮುನಿಲಕ್ಷ್ಮಮ್ಮ ಆಕೆಯ ಗಂಡನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, “ಒಂದಿದೆಯಲ್ಲಮ್ಮ, ಇನ್ನೊಂದ್ಯಾಕೆ?” ಎಂದಳು. ತುಟಿ ಒಂದಿಷ್ಟೂ ಅಲ್ಲಾಡಲಿಲ್ಲ. ಪಾಪ, ಗಂಡ ಹೆಂಡತಿ ಇಬ್ಬರೂ ಬೈಗುಳ ಬಿತ್ತೆಂದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಅವಳ ಅತಿ ದೊಡ್ಡ ಕಿಲಾಡಿತನ ವರ್ಷಕ್ಕೊಮ್ಮೆ ಮಹಾಲಯ ಅಮಾವಾಸ್ಯೆಯಂದು, ಹಿರಿಯರ ಹಬ್ಬದ ಸಂಜೆ ನಡೆಯುತ್ತದೆ. ಅವಳ ಕಡೆಯವರ ಮನೆಗಳಲ್ಲಿ ಆ ದಿನ ತೀರಿಕೊಂಡವರ ಫೋಟೋದ ಮುಂದೆ ಬಾಳೆಲೆ ಹಾಕಿ ಎಡೆ ಇಡುತ್ತಾರೆ. ಸತ್ತವರು ಬದುಕಿದ್ದಾಗ ಏನೇನು ಇಷ್ಟಪಡುತ್ತಿದ್ದರೋ ಅದೆಲ್ಲ ಇರಬೇಕು: ಮುದ್ದೆ, ಮಟನ್ ಸಾರು, ಬೀಡಿ, ಬ್ರಾಂದಿ, ಹೊಸ ಪಂಚೆ. ಧೂಪ ಹಾಕಿ, ಎಲ್ಲರೂ ಹೊರಗೆ ಬಂದು, ಬಾಗಿಲು ಮುಚ್ಚಿ, ಉಸಿರೆತ್ತದೆ ಕೂರಬೇಕು. ಒಳಗೆ ಹಿರಿಯರು ಬಂದು ಉಣ್ಣುತ್ತಾರೆ. ಆಮೇಲೆ ಬಾಗಿಲು ತಟ್ಟಿ ಒಳಗೆ ಹೋದರೆ ಮುದ್ದೆಯ ಮೇಲೆ ಬೆರಳಿನ ಗುರುತು ಕಾಣಬೇಕು. ಕಂಡರೆ ಹಿರಿಯರು ಬಂದು ಹೋದರೆಂದು ಮನೆಯವರಿಗೆಲ್ಲ ಸಮಾಧಾನ.

ಈ ಮನೆಯಲ್ಲಿ ಗುರುತು ಒಂದು ವರ್ಷವೂ ತಪ್ಪಿಲ್ಲ. ಏಕೆಂದರೆ ಕೋಣೆಯಿಂದ ಕೊನೆಗೆ ಹೊರಬರುವವಳು ಮುನಿಲಕ್ಷ್ಮಮ್ಮ, ಮತ್ತು ಬರುವ ಮುಂಚೆ ಮುದ್ದೆಯ ನೆತ್ತಿಗೆ ಹೆಬ್ಬೆರಳು ಒತ್ತಿ ಬರುವವಳೂ ಅವಳೇ. ಅತ್ತೆ ತೀರಿಕೊಂಡ ವರ್ಷ ಗುರುತು ಕಾಣದೆ ಗಂಡನ ಅಕ್ಕ ಮುನಿಯಕ್ಕ ಗೋಳೋ ಎಂದು ಅತ್ತಿದ್ದಳು. ಅದನ್ನು ನೋಡಲಾಗದೆ ಮುಂದಿನ ವರ್ಷದಿಂದ ಇವಳು ಈ ಕೆಲಸ ವಹಿಸಿಕೊಂಡಳು. ಹಿರಿಯರು ಬರುತ್ತಾರೆಂಬ ನಂಬಿಕೆ ಇವಳಿಗೆ ಅಷ್ಟಕ್ಕಷ್ಟೇ ಇತ್ತು. ಬೇಗೂರಿನಿಂದ ಬಸ್ಸು ಹಿಡಿದು ಬರುವ ಮುನಿಯಕ್ಕ ಮಾತ್ರ ಪ್ರತಿ ವರ್ಷವೂ ಆ ಗುರುತು ನೋಡಿ ಕೈಮುಗಿದು, “ಅವ್ವನ ಬೆರಳೇ ಕಣೇ ಇದು, ನಂಗೆ ಗೊತ್ತಾಗಲ್ವಾ?” ಎನ್ನುತ್ತಿದ್ದಳು. “ಹೂಂ ಅತ್ತಿಗೆ,” ಎನ್ನುತ್ತ ಮುನಿಲಕ್ಷ್ಮಮ್ಮ ಕಲ್ಲಿನಂತೆ ನಿಂತಿರುತ್ತಿದ್ದಳು.

ಈ ಮುಖ ಅವಳಿಗೆ ಹುಟ್ಟಿನಿಂದ ಬಂದದ್ದಲ್ಲ. ಒಂದು ಕಾರ್ಟೂನಿನಿಂದ ಬಂದದ್ದು.

ಗಂಡ ಗಂಗಾಧರಯ್ಯ ಆ ಕಾಲದಲ್ಲಿ ಟೆಂಟ್ ಸಿನಿಮಾದ ಆಪರೇಟರು. ಹೊಲದ ಒಂದು ಮೂಲೆಯನ್ನು ಮಾವನವರು ಟೆಂಟಿನವರಿಗೆ ಬಾಡಿಗೆಗೆ ಕೊಟ್ಟಿದ್ದರು. ಉಳುವುದಕ್ಕೆ ಕಳಿಸಿದ ಮಗ ಅಲ್ಲಿ ಪ್ರೊಜೆಕ್ಟರ್ ಹತ್ತಿರ ನಿಂತು ನಿಂತು, ಕೊನೆಗೆ ಅಲ್ಲೇ ನಿಂತುಬಿಟ್ಟ. ತಾವರೆಕೆರೆಯ ಟೆಂಟಿಗೂ ಬೇಗೂರಿನ ಟೆಂಟಿಗೂ ಸೇರಿ ಸಿನಿಮಾದ ಪ್ರಿಂಟು ಒಂದೇ ಬರುತ್ತಿತ್ತು. ಇಲ್ಲಿ ಮೊದಲ ರೀಲು ಮುಗಿಯುವಷ್ಟರಲ್ಲಿ ಅಲ್ಲಿಂದ ಎರಡನೆಯದು ಸೈಕಲ್ ಮೇಲೆ ಬರಬೇಕು. ಸೈಕಲ್ಲಿನ ಚೈನು ಕಳಚಿದರೆ ಕಥೆ ಮುಗಿಯಿತು, ನೆಲದಲ್ಲಿ ಕೂತ ಜನ ಶಿಳ್ಳೆ ಹೊಡೆದು ಮಣ್ಣು ತೂರಲು ಶುರು ಮಾಡುತ್ತಿದ್ದರು. ಅಂಥ ಹೊತ್ತಿಗೆಂದು ಟೆಂಟಿನಲ್ಲಿ ಒಂದು ಕಾರ್ಟೂನ್ ರೀಲು ಇತ್ತು. ಅಮೆರಿಕದಲ್ಲಿ ಯಾವ ಕಾಲದಲ್ಲೋ ಮಾಡಿದ್ದು, ಯಾರ ಕೈಯಿಂದ ಯಾರ ಕೈಗೋ ದಾಟಿ ಬಂದದ್ದು. ಬಣ್ಣವೆಲ್ಲ ಹೋಗಿ ಕೆಂಪೊಂದೇ ಉಳಿದಿತ್ತು. ಹೆಸರಿನ ಭಾಗ ಎಂದೋ ಹರಿದುಹೋಗಿದ್ದರಿಂದ ಊರಿನವರೇ ಅದಕ್ಕೆ ‘ಹೋತನ ಪಿಚ್ಚರ್’ ಎಂದು ನಾಮಕರಣ ಮಾಡಿದ್ದರು.

ಏಳು ನಿಮಿಷದ ಚಿತ್ರ. ಟೋಪಿ ಹಾಕಿದ ಒಬ್ಬ ದಪ್ಪ ದೊರೆ ಪಾರ್ಕಿನ ಬೆಂಚಿನ ಮೇಲೆ ಕೂತು ಒಂದು ಬನ್ನು ತಿನ್ನಬೇಕು. ಅವನ ಆಸೆ ಅಷ್ಟೇ. ಎದುರಿಗೆ ಒಂದು ಹೋತ ಬಂದು ನಿಲ್ಲುತ್ತದೆ. ಹಾಯುವುದಿಲ್ಲ, ಓಡುವುದಿಲ್ಲ, ಸುಮ್ಮನೆ ನೋಡುತ್ತದೆ. ದೊರೆ ಕಣ್ಣು ಮಿಟುಕಿಸಿ ಬಿಡುವಷ್ಟರಲ್ಲಿ ಟೋಪಿ ಇಲ್ಲ. ಹೋತದ ದವಡೆ ಅತ್ತಿಂದಿತ್ತ ಆಡುತ್ತಿದೆ. ದೊರೆ ಕೊಡೆ ಎತ್ತುತ್ತಾನೆ, ಕೊಡೆಯೂ ಇಲ್ಲ. ಅದು ಹೋತದ ಹೊಟ್ಟೆಯೊಳಗೆ ಪಟ್ಟನೆ ಬಿಚ್ಚಿಕೊಂಡು ಹೊಟ್ಟೆ ಗುಡಾರವಾಗುತ್ತದೆ. ಹೋತ ತನ್ನ ಹೊಟ್ಟೆಯನ್ನೊಮ್ಮೆ ನೋಡುತ್ತದೆ, ನಮ್ಮನ್ನೊಮ್ಮೆ ನೋಡುತ್ತದೆ, ಮತ್ತೆ ಅಗಿಯುತ್ತದೆ. ಪೊಲೀಸಿನವನು ಬರುತ್ತಾನೆ, ಅವನ ವಿಷಲ್ಲು ಹೋಗುತ್ತದೆ. ಬ್ಯಾಂಡಿನವನು ಬರುತ್ತಾನೆ, ತುತ್ತೂರಿ ಹೋಗುತ್ತದೆ. ಅಲ್ಲಿಂದ ಮುಂದೆ ಹೋತ ಬಿಕ್ಕಳಿಸಿದರೆ ವಿಷಲ್ಲು, ಕೆಮ್ಮಿದರೆ ತುತ್ತೂರಿ. ಆ ಸದ್ದು ಕೇಳಿ ಊರಿನ ಬ್ಯಾಂಡ್‌ಸೆಟ್ಟೇ ಅದರ ಹಿಂದೆ ಸಾಲುಗಟ್ಟಿ ಹೊರಡುತ್ತದೆ. ಬೆಂಚು, ದೀಪದ ಕಂಬ, ರಸ್ತೆ ಎಲ್ಲ ತಿಂದು ಮುಗಿಸಿದ ಮೇಲೆ ಹೋತ ಪರದೆಯ ಅಂಚನ್ನೇ ಹಲ್ಲಿನಲ್ಲಿ ಕಚ್ಚಿ ಎಳೆಯುತ್ತದೆ. ಊರು, ಮೋಡ, ದೊರೆ, ಬನ್ನು ಎಲ್ಲವೂ ಬಟ್ಟೆಯ ಹಾಗೆ ಮುದುರಿ ಅದರ ಬಾಯೊಳಗೆ ಹೋಗುತ್ತವೆ. ಬರೀ ಬಿಳಿ ಉಳಿಯುತ್ತದೆ, ನಡುವೆ ಹೋತ ಒಂದೇ ನಿಂತು ನಮ್ಮನ್ನು ನೋಡುತ್ತದೆ. ಮೊದಲ ಸಲ ಇದನ್ನು ಕಂಡ ಒಬ್ಬ ಮುದುಕ, “ಅಯ್ಯೋ, ಪರದೆ ತಿಂದ್ಬುಡ್ತಲ್ಲೋ!” ಎಂದು ಎದ್ದು ಓಡಿ, ಬಟ್ಟೆಯನ್ನು ಮುಟ್ಟಿ ನೋಡಿ ಬಂದನಂತೆ.

ಯೋಚಿಸಿ ನೋಡಿದರೆ ಆ ಚಿತ್ರದಲ್ಲಿ ಹಾರಾಡುವವರು, ಕಿರುಚುವವರು, ಬೀಳುವವರು ಬಹಳ. ಆದರೆ ನಗು ಬರುವುದು ಅವರಿಂದಲ್ಲ. ಏನೂ ಮಾಡದೆ ನಿಂತ ಹೋತದಿಂದ. ಅದು ಎಷ್ಟು ಹೊತ್ತು ಸುಮ್ಮನಿರುತ್ತದೆ ಎಂಬುದರಲ್ಲಿದೆ ಅದನ್ನು ಮಾಡಿದವನ ಕಸುಬು. ಇನ್ನೊಂದು ಚೂರು ಬೇಗ ತಿಂದಿದ್ದರೆ ಸಪ್ಪೆ, ಇನ್ನೊಂದು ಚೂರು ತಡವಾಗಿದ್ದರೆ ಬೇಸರ.

ಇಂಗ್ಲಿಷ್ ಬಾರದ ಜನರಿಗೆಂದು ಗಂಗಾಧರಯ್ಯ ಟೆಂಟಿನ ಮೈಕು ಹಿಡಿದು ಕನ್ನಡದಲ್ಲಿ ಮಾತು ಸೇರಿಸುತ್ತಿದ್ದ. ಮೊದಮೊದಲು ದೊರೆಗೆ ಊರಿನ ಶ್ಯಾನುಭೋಗರ ಧ್ವನಿ, ಹೋತಕ್ಕೆ ಯಾರದೋ ಧ್ವನಿ. ಮದುವೆಯಾದ ಮೇಲೆ ಹೋತಕ್ಕೆ ಹೆಂಡತಿಯ ಧ್ವನಿಯೇ ಕಾಯಂ ಆಯಿತು. ಬೆಳಿಗ್ಗೆ ಮನೆಯಲ್ಲಿ ಅವಳಾಡಿದ ಮಾತು ಸಂಜೆ ಹೋತದ ಬಾಯಲ್ಲಿ.

ಹೊಸ ಮದುಮಗಳಿಗೆ ಇದು ನೀರಿನ ಕಟ್ಟೆಯ ಹತ್ತಿರ ಗೊತ್ತಾಯಿತು. ಎಲ್ಲರೂ ಅವಳನ್ನು ನೋಡಿ ಸೆರಗು ಬಾಯಿಗಿಟ್ಟುಕೊಳ್ಳುತ್ತಿದ್ದರು. ವಿಷಯ ಏನೆಂದು ನೋಡಿಯೇ ಬಿಡೋಣವೆಂದು ಒಂದು ಸಂಜೆ ಮೊದಲ ಆಟಕ್ಕೆ ಹೋದಳು. ಸೈಕಲ್ಲು ತಡವಾಯಿತು, ಹೋತ ಬಂತು. ದೊರೆಯ ಮುಂದೆ ನಿಂತು ನೋಡಿತು. ಮೈಕಿನಲ್ಲಿ ಅವಳದೇ ರಾಗ: “ಏನ್ರೀ, ಸೀಮೆಎಣ್ಣೆ ತರ್ತೀನಿ ಅಂತ ಹೋದೋರು ಟೋಪಿ ಹಾಕ್ಕೊಂಡು ಇಲ್ಲಿ ಕೂತಿದ್ದೀರಾ?” ಟೆಂಟೇ ಬಿದ್ದುಹೋಗುವಷ್ಟು ನಗು. ಮುನಿಲಕ್ಷ್ಮಿಗೆ ಮೈಯೆಲ್ಲ ಉರಿಯಿತು. ಪರದೆ ತಿನ್ನುವವರೆಗೂ ಕಾಯದೆ ಎದ್ದು ಮನೆಗೆ ನಡೆದಳು, ಮತ್ತು ಅವತ್ತು ಗಂಡನಿಗೆ ಊಟ ಬಡಿಸಲಿಲ್ಲ.

ಆದರೆ ಮಲಗಿದ ಮೇಲೆ ಹೊಟ್ಟೆಯಲ್ಲಿ ಕೊಡೆ ಬಿಚ್ಚಿಕೊಂಡದ್ದು ನೆನಪಾಯಿತು. ಸೆರಗನ್ನು ಬಾಯಿಗೆ ತುರುಕಿಕೊಂಡು ಗೋಡೆಯ ಕಡೆ ತಿರುಗಿ, ಮಂಚ ಅಲುಗಾಡದ ಹಾಗೆ ನಕ್ಕಳು. ಮುಂದಿನ ವಾರ ಮತ್ತೆ ಹೋದಳು. ಈ ಸಲ ಕೊನೆಯವರೆಗೂ ಕೂತಳು. ಹೋತ ಪರದೆ ತಿಂದು, ಬಿಳಿಯಲ್ಲಿ ನಿಂತು ನೋಡಿದಾಗ ಟೆಂಟಿನ ದೀಪ ಹತ್ತಿತು. ಜನ ನಗುತ್ತ ನಗುತ್ತ ಹಿಂದಕ್ಕೆ ತಿರುಗಿದರು. ಹೆಂಗಸರ ಸಾಲಿನಲ್ಲಿ ಮುನಿಲಕ್ಷ್ಮಿ ಎಲೆ ಅಡಿಕೆ ಅಗಿಯುತ್ತ ಥೇಟ್ ಹಾಗೆಯೇ ಅವರನ್ನು ನೋಡುತ್ತಿದ್ದಳು. ಆಗ ಎದ್ದ ನಗುವಿನ ಮುಂದೆ ಮೊದಲಿನದು ಏನೂ ಅಲ್ಲ.

ಅವತ್ತೇ ಅವಳಿಗೆ ಒಂದು ಗುಟ್ಟು ತಿಳಿಯಿತು. ತಾನು ನಕ್ಕರೆ ಆಟ ಕೆಡುತ್ತದೆ. ಜನ ನೋಡಲು ಬರುವುದು ಎರಡು ಹೋತಗಳನ್ನು, ಒಂದು ಪರದೆಯ ಮೇಲೆ, ಇನ್ನೊಂದು ನೆಲದ ಮೇಲೆ. ಎರಡರಲ್ಲಿ ಯಾವುದು ಹಲ್ಲು ಬಿಟ್ಟರೂ ಮುಗಿಯಿತು. ಹೀಗಾಗಿ ಟೆಂಟು ಕಿತ್ತುಕೊಂಡು ಹೋಗುವವರೆಗೂ ಅವಳು ನಗಲಿಲ್ಲ. ಆಮೇಲೆ ಅಭ್ಯಾಸವಾಗಿ ಹೋಯಿತು. ಗಂಗಾಧರಯ್ಯ ಮನೆಯಲ್ಲಿ, ಮದುವೆ ಮುಂಜಿಯಲ್ಲಿ, ಮಗನ ನಾಮಕರಣದಲ್ಲಿ ಏನೆಲ್ಲ ಚೇಷ್ಟೆ ಮಾಡಿದ, ಅವಳು ಹೋತದ ಮುಖ ಬಿಡಲಿಲ್ಲ. ನಗಬೇಕೆನಿಸಿದಾಗ ಅಡುಗೆಮನೆಗೆ ಹೋಗಿ, ಕುಕ್ಕರ್ ವಿಷಲ್ ಹಾಕುವ ಹೊತ್ತು ನೋಡಿಕೊಂಡು ನಗುತ್ತಿದ್ದಳು. ಗುಟ್ಟನ್ನು ಗಂಡನಿಗೆ ಹೇಳಲೂ ಇಲ್ಲ. ಹೇಳಿದರೆ ಅವನು ಸುಮ್ಮನಿರುತ್ತಾನೆಯೇ?

ಹೋದ ಕಾರ್ತೀಕದಲ್ಲಿ ಗಂಗಾಧರಯ್ಯನಿಗೆ ಎದೆನೋವು ಬಂತು. ಜಯನಗರದ ಆಸ್ಪತ್ರೆಯಲ್ಲಿ ಮಲಗಿದ್ದವನು ಮಾಸ್ಕು ಸರಿಸಿ ಹೇಳಿದ: “ಊರಿಗೂರೇ ನಕ್ತು ಕಣೇ. ನೀನು ಒಂದೇ ಒಂದ್ಸಲ ನಗಲಿಲ್ವಲ್ಲೇ.” ಅಳು ಬಂದರೂ ನಗು ಬಂದರೂ ಅವಳ ಮುಖ ಮಾಡುವುದು ಒಂದೇ, ಹೋತದ ಹಾಗೆ ನೋಡಿದಳು. ಅದನ್ನು ಕಂಡು ಅವನು ಕೆಮ್ಮು ಬರುವಷ್ಟು ನಕ್ಕ. ಮಾರನೆಯ ಬೆಳಿಗ್ಗೆ ಅವನಿರಲಿಲ್ಲ.

ಅಂದಿನಿಂದ ಆ ಮಾತು ಅವಳ ಎದೆಯಲ್ಲಿ ಮುಳ್ಳಿನಂತೆ ಚುಚ್ಚುತ್ತಿತ್ತು. ನಿನ್ನ ಆಟ ಕೆಡಬಾರದೆಂದೇ ನಗಲಿಲ್ಲ ಕಣಯ್ಯಾ ಎಂದು ಹೇಳುವುದಕ್ಕೆ ಆ ಆಸ್ಪತ್ರೆಯಲ್ಲಿ ಎಷ್ಟು ಹೊತ್ತು ಬೇಕಿತ್ತು? ಹೆಂಡತಿಗೆ ತನ್ನ ತಮಾಷೆ ಹಿಡಿಸಲಿಲ್ಲವೆಂದು ತಿಳಿದುಕೊಂಡೇ ಆ ಮನುಷ್ಯ ಹೋದನಲ್ಲ.

ಈ ವರ್ಷದ ಹಿರಿಯರ ಹಬ್ಬ ಗಂಗಾಧರಯ್ಯನ ಮೊದಲ ಎಡೆ. ಮಗ ದಿನೇಶ ಸಿದ್ದಾಪುರದ ಮಟನ್ ಅಂಗಡಿಗೆ ಹೇಳಿಟ್ಟ. ಸೊಸೆ ಶ್ವೇತ ಹೊಸ ಪಂಚೆ ತಂದಳು. ಮುನಿಲಕ್ಷ್ಮಮ್ಮ ಬೀರುವಿನಿಂದ ಗಂಡನ ಬೀಡಿ ಡಬ್ಬಿ ತೆಗೆದಳು. ಅದರಲ್ಲಿ ಬೀಡಿಯ ಜೊತೆಗೆ ಫಿಲಮ್ಮಿನ ಒಂದು ಸಣ್ಣ ಸುರುಳಿ ಯಾವಾಗಲೂ ಇರುತ್ತಿತ್ತು. ರೀಲು ಹರಿದಾಗ ಆಪರೇಟರುಗಳು ತುಂಡು ಕತ್ತರಿಸಿ ಅಂಟಿಸುತ್ತಾರೆ, ಅಂಥದ್ದೇ ಒಂದು ತುಂಡೆಂದು ಅವಳ ಲೆಕ್ಕ. ಹಿಂದೊಮ್ಮೆ ಬೆಳಕಿಗೆ ಹಿಡಿದು ನೋಡಿದ್ದಳು: ಕೆಂಪು ಹೋತ ಬಾಯಿ ತೆರೆದಿತ್ತು. ಏನನ್ನೋ ತಿನ್ನಲು ಹೊರಟಿರಬೇಕೆಂದುಕೊಂಡಿದ್ದಳು. ಈಗ ಆ ಡಬ್ಬಿ ಹಿಡಿದು ಮಗನ ಮುಂದೆ ಕೂತಳು.

“ಎಡೆಗೆ ಹೋತನ ಪಿಚ್ಚರ್ ಇಡ್ಬೇಕು ಕಣೋ.”

“ಏನು?” ಎಂದ ದಿನೇಶ.

“ಬ್ರಾಂದಿ ಇಡ್ತೀಯ, ಬೀಡಿ ಇಡ್ತೀಯ. ನಿಮ್ಮಪ್ಪಂಗೆ ಅವೆರಡಕ್ಕಿಂತ ಅದರ ಮೇಲೇ ಪ್ರಾಣ ಇದ್ದದ್ದು.”

“ಅಮ್ಮಾ, ಬೇಗೂರಿನ ದೊಡ್ಡತ್ತೆ ಬರ್ತಾರೆ. ಎಡೆ ಮುಂದೆ ಕಾರ್ಟೂನ್ ಹಾಕಿದ್ರೆ ನಮ್ಮನ್ನ ಬಿಡ್ತಾರಾ?”

ಅವಳು ದವಡೆ ಆಡಿಸುತ್ತ ಅವನನ್ನೇ ನೋಡಿದಳು. ದಿನೇಶ ಎದ್ದು ಹೋದ. ಅವನಿಗೆ ಆ ನೋಟದ ಮುಂದೆ ಯಾವತ್ತೂ ಮಾತು ಮುಂದುವರಿಸಲು ಆಗಿದ್ದಿಲ್ಲ.

ಮೂರನೇ ಮಹಡಿಯಲ್ಲಿ ಗದಗದ ಕಡೆಯ ಅನ್ನಪೂರ್ಣ ಬಾಡಿಗೆಗಿದ್ದಳು. ಅರ್ಧ ವಾರ ಆಫೀಸಿಗೆ ಹೋಗುವವಳು, ಇನ್ನರ್ಧ ವಾರ ಮನೆಯಲ್ಲೇ ಲ್ಯಾಪ್‌ಟಾಪು ಹಿಡಿದು ಕೂರುವವಳು. ಮುನಿಲಕ್ಷ್ಮಮ್ಮ ಬಾಗಿಲು ತಟ್ಟಿದಾಗ ಅವಳು ಲ್ಯಾಪ್‌ಟಾಪು ಹಿಡಿದೇ ಓಡಿಬಂದಳು.

“ಬರ್ರೀ ಅಮ್ಮಾರ. ಏನರ ತಪ್ಪಾತೇನ್ರೀ? ನೀರು ಸೋರಾಕತ್ತೈತೇನು?”

“ಇಲ್ಲ ಕಣಮ್ಮ. ಒಂದು ಹೋತ ಹುಡುಕ್ಕೊಡು.”

ಅನ್ನಪೂರ್ಣ ಹುಡುಕಿದಳು. ಮೊದಲು ಬಂದದ್ದು ಮೇಕೆ ಸಾಕಾಣಿಕೆಯ ವಿಡಿಯೋಗಳು. ಆಮೇಲೆ ಹೋತಕ್ಕೆ ಹಾಕುವ ಇಂಜೆಕ್ಷನ್ನು. ಹೀಗಾದರೆ ಹಬ್ಬ ಮುಗಿದೇ ಹೋಗುತ್ತದೆಂದು ಮುನಿಲಕ್ಷ್ಮಮ್ಮ ಎದ್ದು ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಚಿತ್ರವನ್ನು ಆಡಿಯೇ ತೋರಿಸಿದಳು. ದೊರೆಯಾಗಿ ಸೋಫಾದ ಮೇಲೆ ಕೂತಳು, ಹೋತವಾಗಿ ಎದುರು ಬಂದು ನಿಂತಳು, ಟೋಪಿ ನುಂಗಿದಳು. ಕೊಡೆ ಬಿಚ್ಚಿಕೊಂಡಾಗ ಹೊಟ್ಟೆ ಉಬ್ಬಿಸಿ ಅದನ್ನೇ ಒಮ್ಮೆ ನೋಡಿಕೊಂಡು, ಅನ್ನಪೂರ್ಣಳನ್ನು ಒಮ್ಮೆ ನೋಡಿದಳು. ಅನ್ನಪೂರ್ಣ ಲ್ಯಾಪ್‌ಟಾಪು ಪಕ್ಕಕ್ಕಿಟ್ಟು ನೆಲದ ಮೇಲೆ ಉರುಳಿಕೊಂಡು ನಕ್ಕಳು. ಓನರ್ ಆಂಟಿಯ ಒಳಗೆ ಯಾರಿದ್ದಾರೆಂದು ಆ ಕಟ್ಟಡದಲ್ಲಿ ಮೊದಲು ತಿಳಿದದ್ದು ಅವಳಿಗೇ.

ಅಲ್ಲಿಂದ ಮುಂದೆ ಎರಡು ಮೂರು ಮಧ್ಯಾಹ್ನ ಇಬ್ಬರೂ ಕೂತು ಹಳೆಯ ಕಾಲದ ಎಷ್ಟೋ ಕಾರ್ಟೂನುಗಳನ್ನು ನೋಡಿದರು. ಮುನಿಲಕ್ಷ್ಮಮ್ಮ ಒಂದೊಂದಕ್ಕೂ ತೀರ್ಪು ಕೊಟ್ಟಳು. “ಇದರಲ್ಲಿ ಬರೀ ಓಟ, ನಿಲ್ಲೋದೇ ಇಲ್ಲ. ನಿಲ್ಲದಿದ್ರೆ ನಗು ಎಲ್ಲಿಂದ ಬರುತ್ತೆ?” “ಇವನು ನೋಡು, ಬೀಳೋಕೆ ಮುಂಚೆ ನಮ್ಮ ಕಡೆ ನೋಡ್ದ. ಇವನು ಕಸುಬುದಾರ.” “ಈ ಇಲಿ ತಾನೇ ನಗುತ್ತೆ. ತಾನೇ ನಕ್ಕ ಮೇಲೆ ನಾವ್ಯಾಕೆ ನಗ್ಬೇಕು?”

ಕೊನೆಗೆ ಹೋತವೂ ಸಿಕ್ಕಿತು. ಆದರೆ ಮುನಿಲಕ್ಷ್ಮಮ್ಮ ತಲೆಯಾಡಿಸಿದಳು. “ಇದಲ್ಲ. ನಮ್ಮದು ಕೆಂಪು ಹೋತ. ಇದು ಬಿಳೀದು.”

“ಅಮ್ಮಾರ, ಪ್ರಿಂಟ್ ಹಳೇದಾಗಿ ಕೆಂಪ ಆಗಿರಬೇಕ್ರೀ.”

“ಮೂವತ್ತು ಸಲ ನೋಡಿದೀನಿ ಕಣೇ. ಕೆಂಪು ಅಂದ್ರೆ ಕೆಂಪು.”

ಕೊಡೆ ಪಟ್ಟನೆ ಬಿಚ್ಚಿಕೊಂಡಾಗ ಅವಳು ವಾದ ಬಿಟ್ಟಳು. ಅದೇ ಹೋತ. ಆದರೆ ಅದು ಮೂಕವಾಗಿತ್ತು. ಸಂಗೀತ ಇತ್ತು, ದೊರೆಯ ಇಂಗ್ಲಿಷ್ ಕಿರುಚಾಟ ಇತ್ತು, ಹೋತಕ್ಕೆ ಮಾತ್ರ ಒಂದೂ ಮಾತಿರಲಿಲ್ಲ. ಸೀಮೆಎಣ್ಣೆ ಕೇಳಲಿಲ್ಲ, ಅತ್ತೆಯ ಮೇಲೆ ದೂರು ಹೇಳಲಿಲ್ಲ. ಹೋತ ಒಂದಿಷ್ಟಾದರೂ ಅದರ ಭಾಷೆಯಲ್ಲೇ ಏನೋ ಹೇಳುತ್ತಿತ್ತು, ಗಂಡ ಅದನ್ನು ತಿರುಚಿ ತನ್ನ ತಲೆಗೆ ಕಟ್ಟುತ್ತಿದ್ದ ಎಂದೇ ಅವಳು ಇಷ್ಟು ವರ್ಷ ತಿಳಿದಿದ್ದಳು. ಅಷ್ಟೂ ಮಾತು ಅವನದೇ. ಅವಳಿಗೆ ಕಣ್ಣು ತುಂಬಿತು. ಹೋತ ಪರದೆ ತಿಂದು ಬಿಳಿಯಲ್ಲಿ ನಿಂತ ಕೂಡಲೇ, “ಸಾಕು ನಿಲ್ಸಮ್ಮ, ಅಲ್ಲಿಗೇ ಮುಗಿಯೋದು,” ಎಂದಳು. ಅನ್ನಪೂರ್ಣ ನಿಲ್ಲಿಸಿದಳು. ಹಬ್ಬದ ದಿನಕ್ಕೆ ತನ್ನ ಟ್ಯಾಬನ್ನು ಕೊಡುವುದಾಗಿಯೂ ಒಪ್ಪಿಕೊಂಡಳು.

ಅಮಾವಾಸ್ಯೆಯ ಸಂಜೆ ಮುನಿಯಕ್ಕ ಬೇಗೂರಿನಿಂದ ಬಂದು ಕೋಣೆಯನ್ನೆಲ್ಲ ಪರೀಕ್ಷಿಸಿದಳು. ತಮ್ಮನ ಫೋಟೋ, ಬಾಳೆಲೆ, ಮುದ್ದೆ, ಸಾರು, ಬ್ರಾಂದಿ, ಪಂಚೆ, ಬೀಡಿ ಡಬ್ಬಿ ಎಲ್ಲ ಸರಿಯಾಗಿತ್ತು. ಪಂಚೆಯ ಹಿಂದೆ ಗೋಡೆಗೆ ಒರಗಿಸಿದ್ದ ಟ್ಯಾಬು ಅವಳಿಗೆ ಕಾಣಲಿಲ್ಲ. ಧೂಪ ಹಾಕಿ ಎಲ್ಲರೂ ಹೊರನಡೆದರು. ಮುನಿಲಕ್ಷ್ಮಮ್ಮ ಹಿಂದೆ ಉಳಿದು, ಪಂಚೆ ಸರಿಸಿ, ಅನ್ನಪೂರ್ಣ ಕಲಿಸಿದಂತೆ ಬಾಣದ ಗುರುತನ್ನು ಒತ್ತಿ, ಗಡಿಬಿಡಿಯಲ್ಲಿ ಬಂದು ಬಾಗಿಲೆಳೆದುಕೊಂಡಳು. ನಡುಮನೆಯಲ್ಲಿ ಚಾಪೆಯ ಮೇಲೆ ಕೂತ ಮೇಲೆ ನೆನಪಾಯಿತು: ಮುದ್ದೆಗೆ ಹೆಬ್ಬೆರಳು ಒತ್ತಲು ಮರೆತಿದ್ದಳು. ಇನ್ನು ಒಳಗೆ ಹೋಗುವಂತಿಲ್ಲ.

ಒಳಗೆ ಸಂಗೀತ ಶುರುವಾಯಿತು.

“ಏನೇ ಅದು?” ಎಂದು ಮುನಿಯಕ್ಕ ಪಿಸುಗುಟ್ಟಿದಳು.

“ಪಕ್ಕದ ಬಿಲ್ಡಿಂಗು ಅತ್ತಿಗೆ,” ಎಂದಳು ಮುನಿಲಕ್ಷ್ಮಮ್ಮ. ದಿನೇಶ ತಲೆ ತಗ್ಗಿಸಿಕೊಂಡ. ಶ್ವೇತ ಸೀರೆಯ ಸೆರಗನ್ನು ಬೆರಳಿಗೆ ಸುತ್ತತೊಡಗಿದಳು.

ದೊರೆ ಕಿರುಚಿದ, ಟೋಪಿ ಹೋಗಿರಬೇಕು. ಪಟ್ಟೆಂದಿತು, ಕೊಡೆ ಬಿಚ್ಚಿಕೊಂಡಿತು. ಮುಚ್ಚಿದ ಬಾಗಿಲನ್ನೇ ನೋಡುತ್ತ ಮುನಿಲಕ್ಷ್ಮಮ್ಮ ಇಡೀ ಚಿತ್ರವನ್ನು ಕಾಣುತ್ತಿದ್ದಳು. ಹೋತ ಮೂಕವಾಗಿ ನಿಂತಿರುವುದು ಅವಳಿಗೆ ತಡೆಯಲಾಗಲಿಲ್ಲ. ತುಟಿ ತೆರೆಯದೆ, ತನಗೆ ಮಾತ್ರ ಕೇಳುವಂತೆ ಹೇಳಿಕೊಂಡಳು: “ಏನ್ರೀ, ಸೀಮೆಎಣ್ಣೆ ತರ್ತೀನಿ ಅಂತ ಹೋದೋರು…” ಒಳಗೆ ವಿಷಲ್ ಊದಿತು. ತುತ್ತೂರಿ ಕೆಮ್ಮಿತು. ಮುನಿಯಕ್ಕ ನಡುಮನೆಯ ಸೂರನ್ನು ನೋಡಿದಳು, ಕಿಟಕಿಯನ್ನು ನೋಡಿದಳು, ಹುಬ್ಬು ಗಂಟಿಕ್ಕಿ ತಮ್ಮನ ಹೆಂಡತಿಯ ಮುಖ ನೋಡಿದಳು. ಅಲ್ಲಿ ಓದಿಕೊಳ್ಳುವುದಕ್ಕೆ ಏನೂ ಇರಲಿಲ್ಲ. ಬ್ಯಾಂಡ್‌ಸೆಟ್ಟು ಜೋರಾಯಿತು, ಪರ್ರೆಂದು ಪರದೆ ಹರಿಯಿತು, ಮತ್ತೆ ಎಲ್ಲವೂ ನಿಶ್ಶಬ್ದವಾಯಿತು. ಬಿಳಿ ಬಂದಿದೆ ಎಂದುಕೊಂಡಳು ಮುನಿಲಕ್ಷ್ಮಮ್ಮ. ಮುಗಿಯಿತು. ಅವನು ಬರುವುದಿದ್ದರೆ ಇಷ್ಟರಲ್ಲಿ ಬಂದಿರಬೇಕಿತ್ತು. ಬಾಗಿಲು ತಟ್ಟಲು ಎದ್ದಳು.

ಆಗ ಒಳಗಿನಿಂದ ಒಂದು ನಗು ಕೇಳಿಸಿತು.

ಗಂಡಸಿನ ನಗು. ಒರಟು ಗಂಟಲಿನದು. ಮೊದಲು ತಡೆದು ತಡೆದು, ಆಮೇಲೆ ತಡೆಯಲಾಗದೆ, ಕೆಮ್ಮು ಸೇರಿಕೊಂಡ ಹೊಟ್ಟೆತುಂಬ ನಗು. ದಿನೇಶನ ಮುಖ ಬಿಳಿಚಿಕೊಂಡಿತು. ಮುನಿಯಕ್ಕ ಗೋಡೆ ಹಿಡಿದುಕೊಂಡಳು.

“ನಮ್ಮ ಗಂಗಾಧರ ಕಣ್ರೇ! ಹಿಂಗೇ ನಗ್ತಿದ್ದ! ಬಂದವ್ನೆ ಕಣ್ರೇ, ಬಂದವ್ನೆ!”

ವರ್ಷ ವರ್ಷ ಮುದ್ದೆಗೆ ಬೆರಳೊತ್ತಿ ಹಿರಿಯರನ್ನು ತಾನೇ ಕರೆತಂದವಳ ಮೈ ಜುಮ್ಮೆಂದಿತು. ಇದು ಅವಳ ಕೆಲಸವಲ್ಲ. ಇದನ್ನು ಅವಳು ಒತ್ತಿ ಬಂದಿರಲಿಲ್ಲ. ಆಸ್ಪತ್ರೆಯ ಮಂಚದ ಮೇಲೆ ಕೇಳಿದ್ದ ಆ ಕೆಮ್ಮು, ಆ ನಗು, ಇನ್ನೊಮ್ಮೆ. ಮುಖದಲ್ಲಿ ಎಲ್ಲೋ ಏನೋ ಸಡಿಲವಾಯಿತು. ಮೊದಲು ಮೂಗಿನಿಂದ ಒಂದು ಸದ್ದು ಬಂತು. ಆಮೇಲೆ ಬಾಯಿ ತೆರೆಯಿತು. ಮುನಿಲಕ್ಷ್ಮಮ್ಮ ನಕ್ಕಳು. ಕುಕ್ಕರ್ ವಿಷಲ್ಲಿಗೆ ಕಾಯದೆ, ಸೆರಗು ತುರುಕಿಕೊಳ್ಳದೆ, ಬಾಗಿಲಿಗೆ ಹಣೆ ಆನಿಸಿ, ಕಣ್ಣೀರು ಸುರಿಯುವವರೆಗೂ ನಕ್ಕಳು. “ಕೇಳಿಸ್ತೇನ್ರೀ?” ಎಂದಳು ಬಾಗಿಲಿಗೆ. “ಆಟ ಕೆಡುತ್ತೆ ಅಂತ ನಗಲಿಲ್ಲ ಕಣ್ರೀ. ಅಷ್ಟೇ, ಇನ್ನೇನೂ ಇಲ್ಲ.” ಅಮ್ಮನಿಗೆ ಮೇಲಿನ ಸಾಲಿನಲ್ಲಿ ಒಂದು ಹಲ್ಲಿಲ್ಲವೆಂದು ದಿನೇಶನಿಗೆ ಅವತ್ತೇ ಗೊತ್ತಾದದ್ದು.

ಬಾಗಿಲು ತೆರೆದಾಗ ಟ್ಯಾಬಿನಲ್ಲಿ ಮಂಡಿನೋವಿನ ಎಣ್ಣೆಯ ಜಾಹೀರಾತು ಓಡುತ್ತಿತ್ತು. ಶ್ವೇತ ಚಕ್ಕನೆ ಪಂಚೆ ಎಳೆದು ಮುಚ್ಚಿದಳು. ಮುದ್ದೆ ನುಣ್ಣಗಿತ್ತು, ಆದರೆ ಅವತ್ತು ಮುದ್ದೆಯನ್ನು ಯಾರೂ ನೋಡಲಿಲ್ಲ. ಮುನಿಯಕ್ಕ ತಮ್ಮನ ಫೋಟೋಗೆ ಅಡ್ಡಬಿದ್ದು, ಎರಡು ಮುದ್ದೆ ಉಂಡು, ಸುದ್ದಿಯನ್ನು ಬೇಗೂರಿಗೆ ಬೇಗ ಮುಟ್ಟಿಸಲೆಂದು ಆಟೋದಲ್ಲೇ ಹೊರಟಳು.

ಅವಳು ಹೋದ ಮೇಲೆ ಶ್ವೇತ ಟ್ಯಾಬು ತಂದು ಅತ್ತೆಯ ಪಕ್ಕ ಕೂತಳು. ಚಿತ್ರದ ಕೊನೆಗೆ ಸರಿಸಿದಳು. ಹೋತ ಬಿಳಿಯಲ್ಲಿ ನಿಂತು ನೋಡುತ್ತಿತ್ತು. ಟೆಂಟಿನಲ್ಲಿ ದೀಪ ಹತ್ತುತ್ತಿದ್ದದ್ದು ಇಲ್ಲಿಗೇ. ಆದರೆ ಚಿತ್ರ ಮುಗಿದಿರಲಿಲ್ಲ. ಹೋತದ ತುಟಿ ನಡುಗಿತು. ಕೆನ್ನೆ ಉಬ್ಬಿತು. ಮತ್ತೆ ಅದು ಬಾಯಿ ಅಗಲವಾಗಿ ತೆರೆದು, ಗಂಡಸಿನ ಒರಟು ಗಂಟಲಿನಲ್ಲಿ, ಬಿದ್ದು ಬಿದ್ದು ನಕ್ಕಿತು.

ಮುನಿಲಕ್ಷ್ಮಮ್ಮ ಎದ್ದು ಬೀಡಿ ಡಬ್ಬಿ ತೆಗೆದು, ಫಿಲಮ್ಮಿನ ಸುರುಳಿಯನ್ನು ಬಿಚ್ಚಿ ಟ್ಯೂಬ್‌ಲೈಟಿಗೆ ಹಿಡಿದಳು. ಕೆಂಪು ಹೋತ, ಉಬ್ಬಿದ ಕೆನ್ನೆ, ತೆರೆದ ಬಾಯಿ. ತಿನ್ನಲು ಹೊರಟದ್ದಲ್ಲ, ನಗುತ್ತಿದ್ದದ್ದು. ತುಂಡಿನ ಎರಡೂ ತುದಿ ಹರಿದಿರಲಿಲ್ಲ. ಕತ್ತರಿಯಿಂದ ನೇರವಾಗಿ ಕತ್ತರಿಸಿದಂಥವು. ಅವಳು ಸಿಟ್ಟಿನಿಂದ ಎದ್ದುಹೋದ ಆ ಮೊದಲ ದಿನ ಹೋತ ನಕ್ಕಿರಬೇಕು. ಮುಂದಿನ ವಾರ ಅವಳು ಕೊನೆಯವರೆಗೂ ಕೂತಾಗ ನಗು ಇರಲಿಲ್ಲ. ಹೋತ ನಕ್ಕರೆ ಆಟ ಕೆಡುತ್ತದೆಂದು ಗಂಡನಿಗೂ ತಿಳಿದಿತ್ತು. ಪರದೆಯ ಮೇಲಿನದರ ನಗುವನ್ನು ಅವನು ಕತ್ತರಿಸಿ ಡಬ್ಬಿಯಲ್ಲಿಟ್ಟುಕೊಂಡ, ನೆಲದ ಮೇಲಿನದು ತನ್ನ ನಗುವನ್ನು ತಾನಾಗಿಯೇ ಬಚ್ಚಿಟ್ಟುಕೊಳ್ಳುವುದನ್ನು ಪ್ರೊಜೆಕ್ಟರಿನ ಕಿಂಡಿಯಿಂದ ವಾರ ವಾರ ನೋಡಿದ. ಅಡುಗೆಮನೆಯ ಕುಕ್ಕರಿನ ವಿಷಯವೂ ಗೊತ್ತಿತ್ತೋ ಏನೋ. ಒಂದ್ಸಲ ನಗಲಿಲ್ವಲ್ಲೇ ಎಂದು ಕೊನೆಯ ದಿನವೂ ರೇಗಿಸಿ, ಹೋತದ ಮುಖ ಮಾಡಿಸಿಕೊಂಡು, ತನಗೆ ಬೇಕಾದದ್ದನ್ನು ನೋಡಿಕೊಂಡೇ ಹೋಗಿದ್ದ.

“ಕಳ್ಳ,” ಎಂದಳು ಫೋಟೋದ ಕಡೆ ನೋಡಿ. ಎದೆಯಲ್ಲಿದ್ದ ಮುಳ್ಳು ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಶ್ವೇತ ಮೆಲ್ಲಗೆ ಕೇಳಿದಳು: “ಅತ್ತೆ, ದೊಡ್ಡತ್ತೆಗೆ ಫೋನ್ ಮಾಡಿ ಹೇಳ್ಬಿಡ್ಲಾ? ಪಾಪ, ನಕ್ಕಿದ್ದು ಮಾವ ಅಂತ ಊರೆಲ್ಲ ಹೇಳ್ಕೊಂಡು ಬರ್ತಾರೆ.”

ಮುನಿಲಕ್ಷ್ಮಮ್ಮ ಸುರುಳಿಯನ್ನು ಡಬ್ಬಿಗೆ ಹಾಕಿ ಮುಚ್ಚಿದಳು. ಒಂದು ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು, ಮಡಚಿ ಬಾಯಿಗಿಟ್ಟುಕೊಂಡಳು. ದವಡೆಯನ್ನು ಅತ್ತಿಂದಿತ್ತ ಆಡಿಸುತ್ತ ಸೊಸೆಯನ್ನು ನೋಡಿದಳು.

“ನಕ್ಕಿದ್ದು ನಿಮ್ಮ ಮಾವ ಅಲ್ಲ ಅಂತ ನಿಂಗ್ಯಾರೇ ಹೇಳಿದ್ದು?”